ಬೇರೆ ಬೇರೆ ಯೂನಿಕ್ಸ್ ಯಂತ್ರಗಳ ನಡುವೆ ಡಿಸ್ಕ್ ಹಂಚಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಮಣಿಪಾಲದ ಸಣ್ಣ ಕಚೇರಿಗಳಲ್ಲಾಗಲಿ, ಸ್ಟುಡಿಯೊಗಳಲ್ಲಾಗಲಿ, ಕಾಲೇಜು ಪ್ರಯೋಗಾಲಯಗಳಲ್ಲಾಗಲಿ ಯಂತ್ರಗಳೆಲ್ಲ ಒಂದೇ ಜಾತಿಯವಾಗಿರುವುದು ಅಪರೂಪ. ಹಳೆಯ ಪಿಸಿಯಲ್ಲಿ ಲಿನಕ್ಸ್ ಇರುತ್ತದೆ, ವಿಡಿಯೊ ಸಂಕಲನಕ್ಕೆ ಮ್ಯಾಕ್ ಬಂದಿರುತ್ತದೆ, ಹುಚ್ಚು ಹಿಡಿದವರೊಬ್ಬರು ಮೂಲೆಯಲ್ಲಿ ಫ್ರೀಬಿಎಸ್‌ಡಿ ಓಡಿಸುತ್ತಿರುತ್ತಾರೆ. ಮೂರೂ ಯೂನಿಕ್ಸ್ ಕುಟುಂಬದವೇ. ದೊಡ್ಡ ಡಿಸ್ಕ್ ಮಾತ್ರ ಒಂದರಲ್ಲೇ. ಅದನ್ನು ಎನ್‌ಎಫ್‌ಎಸ್ (ನೆಟ್‌ವರ್ಕ್ ಫೈಲ್ ಸಿಸ್ಟಂ) ಎಂಬ ಪದ್ಧತಿಯಿಂದ ಜಾಲದ ಮೂಲಕ ಉಳಿದವರಿಗೂ ಸಿಗುವಂತೆ ಮಾಡಲು ಹೊರಟವರು ಕೇಳುವ ಪ್ರಶ್ನೆಗಳಿವು. ಡಿಸ್ಕ್ ಹಂಚುವ ಯಂತ್ರ ಸರ್ವರ್, ಬಳಸುವ ಯಂತ್ರ ಕ್ಲೈಂಟ್; ಹಂಚಿದ ಡೈರೆಕ್ಟರಿಯನ್ನು ಕ್ಲೈಂಟ್ ತನ್ನದೇ ಎಂಬಂತೆ ಜೋಡಿಸಿಕೊಳ್ಳುವುದಕ್ಕೆ ಮೌಂಟ್ ಎನ್ನುತ್ತಾರೆ. ಆಜ್ಞೆಗಳ ಮತ್ತು ಆಯ್ಕೆಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಯಂತ್ರದ ಮುಂದೆ ಕುಳಿತಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೈಕೊಟ್ಟ ಹಂಚಿಕೆಯನ್ನು ನೋಡಲು ಕರೆದಾಗ ಎಲ್ಲರೂ ತೋರಿಸುವುದು ಕೇಬಲ್ಲನ್ನು, ಸ್ವಿಚ್ಚನ್ನು. ತೊಂದರೆ ಇರುವುದು ಹೆಚ್ಚಾಗಿ ಅಲ್ಲಲ್ಲ. ಯಾರು ಯಾರು, ಯಾವ ಕಡತದ ಹೆಸರೇನು, ಈಗ ಗಂಟೆ ಎಷ್ಟು ಎಂಬ ಮೂರು ವಿಷಯಗಳಲ್ಲಿ ಯಂತ್ರಗಳಿಗೆ ಒಮ್ಮತ ಇರುವುದಿಲ್ಲ.

ಎನ್‌ಎಫ್‌ಎಸ್ಸೇ ಏಕೆ? ಬೇರೆ ದಾರಿ ಇಲ್ಲವೇ?

ಇದೆ. ಎಸ್‌ಎಸ್‌ಎಚ್ ಸಂಪರ್ಕದ ಮೂಲಕ ಕಡತ ತೋರಿಸುವ ಎಸ್‌ಎಸ್‌ಎಚ್‌ಎಫ್‌ಎಸ್ ಇದೆ, ವಿಂಡೋಸ್ ರೀತಿಯಲ್ಲಿ ಹಂಚುವ ಸಾಂಬಾ ಇದೆ. ಆದರೆ ಎರಡೂ ಬದಿಯಲ್ಲಿ ಯೂನಿಕ್ಸ್ ಇದ್ದು, ಇಡೀ ದಿನ ಅದೇ ಡಿಸ್ಕ್ ಮೇಲೆ ಕೆಲಸ ನಡೆಯುವುದಾದರೆ ಎನ್‌ಎಫ್‌ಎಸ್‌ಗೆ ಸಾಟಿಯಿಲ್ಲ. 1984ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಇದನ್ನು ರೂಪಿಸಿದಾಗಲೇ ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದಕ್ಕೊಂದು ಮಾತಾಡಬೇಕು ಎಂಬ ಉದ್ದೇಶ ಇತ್ತು. ಒಂದೊಂದು ಪ್ರೊಸೆಸರ್ ಸಂಖ್ಯೆಯ ಬೈಟುಗಳನ್ನು ಒಂದೊಂದು ಕ್ರಮದಲ್ಲಿ ಇಡುತ್ತದೆ. ಅದಕ್ಕೆಂದೇ ಎಕ್ಸ್‌ಡಿಆರ್ ಎಂಬ ನಿಯಮ ಮಾಡಿ, ತಂತಿಯ ಮೇಲೆ ಹೋಗುವಾಗ ದೊಡ್ಡ ಬೈಟ್ ಮೊದಲು ಎಂದು ಎಲ್ಲರಿಗೂ ಒಂದೇ ಕಟ್ಟಳೆ ಹಾಕಿದರು. ಲಿನಕ್ಸ್, ಮ್ಯಾಕ್, ಫ್ರೀಬಿಎಸ್‌ಡಿ, ಸೊಲಾರಿಸ್ ಇವೆಲ್ಲವುಗಳಲ್ಲೂ ಎನ್‌ಎಫ್‌ಎಸ್ ಸಿಗುತ್ತದೆ.

ಯಾವ ಆವೃತ್ತಿ ಬಳಸಬೇಕು?

ಎಲ್ಲ ಯಂತ್ರಗಳೂ ಒಪ್ಪಿದರೆ 4. ಯಾವುದಾದರೂ ಹಠ ಹಿಡಿದರೆ 3.

2ನೆಯ ಆವೃತ್ತಿಯನ್ನು ಮರೆತುಬಿಡಿ. ಅದರಲ್ಲಿ ಕಡತದ ಮಿತಿ 2 ಜಿಬಿ. 48 ಕಿಲೊಹರ್ಟ್ಸ್, 24 ಬಿಟ್‌ನಲ್ಲಿ ಸ್ಟೀರಿಯೊ ಧ್ವನಿಮುದ್ರಣ ಮಾಡಿದರೆ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಇಡೀ ರಾತ್ರಿಯ ಯಕ್ಷಗಾನ 8 ಗಂಟೆ ಎಂದುಕೊಂಡರೆ 8 ಜಿಬಿಗೂ ಸ್ವಲ್ಪ ಹೆಚ್ಚು. ಒಂದೇ ಕಡತವಾಗಿ ಉಳಿಸಲು ಹೋದರೆ ಒಡ್ಡೋಲಗದ ಹಿಂದೆಯೇ ಜಾಗ ಮುಗಿದಿರುತ್ತದೆ. 1995ರ 3ನೆಯ ಆವೃತ್ತಿ ಈ ಮಿತಿಯನ್ನು ತೆಗೆದುಹಾಕಿತು. 4ನೆಯದು ಕಡತದ ಬೀಗವನ್ನು (ಒಬ್ಬರು ಬರೆಯುವಾಗ ಇನ್ನೊಬ್ಬರು ಕೈಹಾಕದಂತೆ ತಡೆಯುವ ಏರ್ಪಾಟನ್ನು) ತನ್ನೊಳಗೇ ಸೇರಿಸಿಕೊಂಡಿತು. ಫೈರ್‌ವಾಲ್‌ನಲ್ಲಿ 2049 ಎಂಬ ಒಂದೇ ಪೋರ್ಟ್ (ಜಾಲದಿಂದ ಒಳಬರುವ, ಸಂಖ್ಯೆ ಹಾಕಿದ ಬಾಗಿಲು) ತೆರೆದರೆ ಸಾಕು. 3ಕ್ಕಾದರೆ 111ನೆಯ ಪೋರ್ಟೂ ಬೇಕು, ಮೌಂಟ್ ಸೇವೆಗೂ ಬೀಗದ ಸೇವೆಗೂ ಬೇರೆ ಪೋರ್ಟುಗಳೂ ಬೇಕು. ಮ್ಯಾಕ್‌ನಿಂದ ಹೋಗುವಾಗ ಆವೃತ್ತಿಯನ್ನು ಮೌಂಟ್ ಆಯ್ಕೆಯಲ್ಲೇ ಬರೆದುಬಿಡುವುದು ಒಳ್ಳೆಯದು.

ಸರ್ವರ್‌ನಲ್ಲಿ ಏನು ಬರೆಯಬೇಕು?

ಲಿನಕ್ಸ್‌ನಲ್ಲಿ ‘ಇಟಿಸಿ’ಯೊಳಗಿನ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ಒಂದು ಸಾಲು: ಮೊದಲು ಹಂಚಬೇಕಾದ ಡೈರೆಕ್ಟರಿ, ಆಮೇಲೆ ಯಾರಿಗೆ, ಅದಕ್ಕೆ ಅಂಟಿಕೊಂಡೇ ಆವರಣದಲ್ಲಿ ಯಾವ ಷರತ್ತಿನ ಮೇಲೆ. ‘192.168.1.0/24(ಆರ್‌ಡಬ್ಲ್ಯು,ಸಿಂಕ್)’ ಎಂದರೆ ಈ ಜಾಲದವರಿಗೆ ಓದಲೂ ಬರೆಯಲೂ ಅನುಮತಿ. ಉಳಿಸಿದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಕೊಟ್ಟರೆ ಜಾರಿಗೆ ಬರುತ್ತದೆ.

‘ಅಂಟಿಕೊಂಡೇ’ ಎಂದದ್ದನ್ನು ಇನ್ನೊಮ್ಮೆ ಓದಿಕೊಳ್ಳಿ. ವಿಳಾಸಕ್ಕೂ ಆವರಣಕ್ಕೂ ನಡುವೆ ಒಂದೇ ಒಂದು ಖಾಲಿ ಜಾಗ ಬಿದ್ದರೂ ಅರ್ಥ ಬುಡಮೇಲಾಗುತ್ತದೆ. ನಿಮ್ಮ ಜಾಲಕ್ಕೆ ಓದುವ ಅನುಮತಿ ಮಾತ್ರ ಸಿಗುತ್ತದೆ, ಬರೆಯುವ ಅನುಮತಿ ಉಳಿದ ಲೋಕಕ್ಕೆಲ್ಲ ಹೋಗುತ್ತದೆ. ಅಂದವಾಗಿ ಕಾಣಲಿ ಎಂದು ಸಾಲುಗಳನ್ನು ಜೋಡಿಸುವವರು ಈ ಬಲೆಗೆ ಬೀಳುತ್ತಾರೆ. ‘ಬರೆಯಲು ಬರುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಹುಡುಕುವುದೇ ಈ ಖಾಲಿ ಜಾಗವನ್ನು.

ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಕಡತದ ಹೆಸರು ಅದೇ, ಬರವಣಿಗೆ ಬೇರೆ. ಆವರಣವೇ ಇಲ್ಲ, ‘-ನೆಟ್‌ವರ್ಕ್’, ‘-ಮ್ಯಾಪ್‌ರೂಟ್’ ಎಂದು ಅಡ್ಡಗೆರೆ ಹಾಕಿ ಬರೆಯಬೇಕು. ಅಲ್ಲದೆ ಒಂದೇ ಫೈಲ್‌ಸಿಸ್ಟಂನ (ಡಿಸ್ಕಿನ ಮೇಲೆ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆಯ) ಹಲವು ಡೈರೆಕ್ಟರಿಗಳನ್ನು ಒಂದೇ ಕ್ಲೈಂಟ್‌ಗೆ ಕೊಡುವುದಾದರೆ ಎಲ್ಲವೂ ಒಂದೇ ಸಾಲಿನಲ್ಲಿರಬೇಕು. ಲಿನಕ್ಸ್‌ನ ಸಾಲನ್ನು ಇಲ್ಲಿಗೆ ನಕಲು ಮಾಡಿ ಅಂಟಿಸಿದರೆ ನಡೆಯುವುದಿಲ್ಲ. ಹಳೆಯ ಸೊಲಾರಿಸ್‌ನಲ್ಲಂತೂ ಈ ಕಡತವೇ ಇಲ್ಲ. ಅಲ್ಲಿ ‘ಶೇರ್’ ಎಂಬ ಆಜ್ಞೆ.

ಮೌಂಟ್ ಆಯಿತು, ಕಡತಗಳೂ ಕಾಣುತ್ತವೆ. ಬರೆಯಲು ಹೋದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ಏಕೆ?

ಎನ್‌ಎಫ್‌ಎಸ್‌ನ ನೂರೆಂಟು ತಕರಾರುಗಳ ತಾಯಿ ಇದು.

ಯೂನಿಕ್ಸ್ ಒಳಗೊಳಗೆ ಬಳಕೆದಾರರನ್ನು ಗುರುತಿಸುವುದು ಹೆಸರಿನಿಂದಲ್ಲ, ಯುಐಡಿ ಎಂಬ ಸಂಖ್ಯೆಯಿಂದ. ಸಾಮಾನ್ಯ ಭದ್ರತಾ ಪದ್ಧತಿಯಲ್ಲಿ ಕ್ಲೈಂಟ್ ಕಳುಹಿಸುವುದೂ ಆ ಸಂಖ್ಯೆಯನ್ನೇ. ಮೊದಲ ಖಾತೆಗೆ ಡೆಬಿಯನ್, ಉಬುಂಟು 1000 ಕೊಡುತ್ತವೆ. ಫ್ರೀಬಿಎಸ್‌ಡಿ 1001 ಕೊಡುತ್ತದೆ. ಮ್ಯಾಕ್ 501 ಕೊಡುತ್ತದೆ. ಈಗ ಉಡುಪಿಯ ಒಂದು ಸ್ಟುಡಿಯೊ ಎಂದುಕೊಳ್ಳಿ. ಲಿನಕ್ಸ್ ಸರ್ವರ್‌ನಲ್ಲಿ ಮೊದಲು ‘ಧ್ವನಿ’, ಆಮೇಲೆ ‘ಚಿತ್ರ’ ಎಂಬ ಖಾತೆಗಳನ್ನು ಮಾಡಿದ್ದಾರೆ: 1000 ಮತ್ತು 1001. ಫ್ರೀಬಿಎಸ್‌ಡಿ ಯಂತ್ರದಲ್ಲಿರುವುದು ‘ಧ್ವನಿ’ ಒಂದೇ: 1001. ಅಲ್ಲಿಂದ ‘ಧ್ವನಿ’ ಒಂದು ಕಡತ ಉಳಿಸಿದರೆ ಸರ್ವರ್‌ನಲ್ಲಿ ಅದು ‘ಚಿತ್ರ’ದವರ ಕಡತವಾಗಿ ಕೂರುತ್ತದೆ. ತನ್ನದೇ ಹಳೆಯ ಕಡತವನ್ನು ತಿದ್ದಲು ಹೋದರೆ ಬಾಗಿಲು ಮುಚ್ಚಿರುತ್ತದೆ. ‘ಚಿತ್ರ’ದವರದ್ದನ್ನು ಮಾತ್ರ ಯಾರೂ ಕೇಳದೆ ಅಳಿಸಬಹುದು. ಮ್ಯಾಕ್‌ನ 501ಕ್ಕೆ ಸರ್ವರ್‌ನಲ್ಲಿ ಹೆಸರೇ ಇಲ್ಲ, ಹಾಗಾಗಿ ಪಟ್ಟಿಯಲ್ಲಿ ಬರೀ ಅಂಕಿ ಕಾಣುತ್ತದೆ.

ಪರೀಕ್ಷಿಸುವುದು ಸುಲಭ. ಎರಡೂ ಕಡೆ ‘ಐಡಿ’ ಎಂಬ ಆಜ್ಞೆ ಕೊಡಿ, ಸಂಖ್ಯೆಗಳನ್ನು ಹೋಲಿಸಿ. ‘ಎಲ್‌ಎಸ್ -ಎಲ್‌ಎನ್’ ಕೊಟ್ಟರೆ ಕಡತಗಳ ಒಡೆತನ ಹೆಸರಿನ ಬದಲು ಸಂಖ್ಯೆಯಲ್ಲಿ ಕಾಣುತ್ತದೆ.

ಸರಿಪಡಿಸಲು ಮೂರು ದಾರಿಗಳಿವೆ. ಮೊದಲನೆಯದು, ಎಲ್ಲ ಯಂತ್ರಗಳಲ್ಲೂ ಸಂಖ್ಯೆಗಳನ್ನು ಒಂದಾಗಿಸುವುದು. ಒಂದು ಹಾಳೆಯಲ್ಲಿ ಹೆಸರು–ಸಂಖ್ಯೆ ಬರೆದು ಗೋಡೆಗೆ ಅಂಟಿಸಿ, ಹೊಸ ಯಂತ್ರ ಬಂದಾಗ ಖಾತೆ ತೆರೆಯುವ ಮೊದಲು ಅದನ್ನು ನೋಡಿ. ಈಗಾಗಲೇ ಇರುವ ಖಾತೆಗೆ ಲಿನಕ್ಸ್‌ನಲ್ಲಿ ‘ಯೂಸರ್‌ಮಾಡ್ -ಯು’ ಇದೆ. ಅದು ಮನೆ ಡೈರೆಕ್ಟರಿಯ ಕಡತಗಳ ಒಡೆತನವನ್ನು ಬದಲಿಸುತ್ತದೆ, ಹೊರಗಿನವನ್ನು ‘ಫೈಂಡ್’ ಬಳಸಿ ನೀವೇ ಹುಡುಕಿ ಬದಲಿಸಬೇಕು. ಮ್ಯಾಕ್‌ನಲ್ಲಿ ಇದ್ದ ಖಾತೆಯ ಸಂಖ್ಯೆಯನ್ನು ಬದಲಿಸುವುದು ತಲೆನೋವು. ಬೇಕಾದ ಸಂಖ್ಯೆಯಲ್ಲಿ ಹೊಸ ಖಾತೆ ಮಾಡುವುದು ಮೇಲು.

ಎರಡನೆಯದು, ಎಲ್ಲರನ್ನೂ ಒಬ್ಬರೇ ಎಂದು ಎಣಿಸುವುದು. ಲಿನಕ್ಸ್‌ನಲ್ಲಿ ‘ಆಲ್ ಸ್ಕ್ವಾಷ್’ ಜೊತೆಗೆ ‘ಅನಾನ್ ಯುಐಡಿ’, ‘ಅನಾನ್ ಜಿಐಡಿ’; ಬಿಎಸ್‌ಡಿಯಲ್ಲಿ ‘-ಮ್ಯಾಪ್‌ಆಲ್’. ನಾಲ್ಕು ಜನ ಒಂದೇ ಕೆಲಸ ಮಾಡುವ ಕಡೆ ನಾನು ಇದನ್ನೇ ಹಾಕಿ ಕೈತೊಳೆದುಕೊಳ್ಳುತ್ತೇನೆ. ಯಾರು ಏನು ಅಳಿಸಿದರು ಎಂದು ಮಾತ್ರ ಆಮೇಲೆ ಕೇಳಬೇಡಿ. ಮೂರನೆಯದು ಎಲ್‌ಡಿಎಪಿ, ಅಂದರೆ ಖಾತೆಗಳನ್ನೆಲ್ಲ ಒಂದೇ ಕಡೆ ಇಟ್ಟು ಎಲ್ಲ ಯಂತ್ರಗಳೂ ಅಲ್ಲಿಯೇ ಕೇಳುವ ಏರ್ಪಾಟು; ನೂರಾರು ವಿದ್ಯಾರ್ಥಿಗಳಿರುವ ಪ್ರಯೋಗಾಲಯಕ್ಕೆ ಅದೇ ಸರಿ, ರಥಬೀದಿಯ ಎರಡು ಕೋಣೆಯ ಕಚೇರಿಗೆ ಅತಿಯಾಯಿತು.

4ನೆಯ ಆವೃತ್ತಿಯಲ್ಲಿ ಹೆಸರುಗಳೇ ಹೋಗುತ್ತವಂತೆ, ಹಾಗಾದರೆ ಈ ಗೋಳು ತಪ್ಪುತ್ತದಲ್ಲ?

ಅರ್ಧ ಮಾತ್ರ. ಕಡತ ಯಾರದ್ದು ಎಂದು ತೋರಿಸುವಾಗ 4ನೆಯ ಆವೃತ್ತಿ ಹೆಸರು ಮತ್ತು ಡೊಮೈನ್ ಬಳಸಬಲ್ಲದು. ಆದರೆ ಸಾಮಾನ್ಯ ಭದ್ರತಾ ಪದ್ಧತಿಯಲ್ಲಿ ‘ನಾನು ಯಾರು’ ಎಂದು ಕ್ಲೈಂಟ್ ಹೇಳುವುದು ಈಗಲೂ ಸಂಖ್ಯೆಯಲ್ಲೇ. ಆದ್ದರಿಂದ ಪಟ್ಟಿಯಲ್ಲಿ ಹೆಸರು ಸರಿಯಾಗಿ ಕಂಡರೂ ಬರೆಯಲು ಹೋದಾಗ ತಡೆ ಬೀಳಬಹುದು. ಇನ್ನು ಎಲ್ಲ ಕಡತಗಳೂ ‘ನೋಬಡಿ’ ಎಂಬ ಅಧಿಕಾರವಿಲ್ಲದ ಖಾತೆಯದ್ದಾಗಿ ಕಂಡರೆ ಎರಡು ಕಡೆಯ ‘ಐಡಿಮ್ಯಾಪ್‌ಡಿ’ ಕಡತದಲ್ಲಿ ಡೊಮೈನ್ ಹೆಸರು ಬೇರೆಯಾಗಿದೆ ಎಂದೇ ಮೊದಲು ಅನುಮಾನಿಸಿ.

ರೂಟ್ ಆಗಿ ಹೋದರೂ ಬರೆಯಲು ಬಿಡುವುದಿಲ್ಲವಲ್ಲ?

ಬಿಡಬಾರದು. ಕ್ಲೈಂಟ್‌ನ ರೂಟನ್ನು, ಅಂದರೆ ಎಲ್ಲ ಅಧಿಕಾರ ಇರುವ ಖಾತೆಯನ್ನು, ಸರ್ವರ್ ‘ನೋಬಡಿ’ ಮಟ್ಟಕ್ಕೆ ಇಳಿಸುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್ ತಂದು ಚುಚ್ಚಿದವರೆಲ್ಲ ನಿಮ್ಮ ಡಿಸ್ಕಿನ ಯಜಮಾನರು. ‘ನೋ ರೂಟ್ ಸ್ಕ್ವಾಷ್’ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಡಿಸ್ಕ್ ಇಲ್ಲದ ಯಂತ್ರಗಳನ್ನು ಜಾಲದಿಂದಲೇ ಬೂಟ್ ಮಾಡುವಂಥ ಸಂದರ್ಭ ಬಿಟ್ಟರೆ ಬೇಡ.

ಲಿನಕ್ಸ್‌ನಿಂದ ಲಿನಕ್ಸ್‌ಗೆ ಸರಿ ಇದೆ. ಮ್ಯಾಕ್ ಮಾತ್ರ ಮೌಂಟ್ ಆಗುವುದೇ ಇಲ್ಲ.

ಲಿನಕ್ಸ್ ಸರ್ವರ್ 1024ಕ್ಕಿಂತ ಕೆಳಗಿನ ಪೋರ್ಟ್‌ನಿಂದ ಬಂದ ಕೋರಿಕೆಯನ್ನಷ್ಟೇ ಒಪ್ಪುತ್ತದೆ. ಮ್ಯಾಕ್ ಮೇಲಿನ ಪೋರ್ಟ್‌ನಿಂದ ಹೋಗುತ್ತದೆ. ಮ್ಯಾಕ್‌ನ ಮೌಂಟ್ ಆಜ್ಞೆಗೆ ‘ರೆಸ್ವ್‌ಪೋರ್ಟ್’ ಆಯ್ಕೆ ಸೇರಿಸಿ, ಅಥವಾ ಸರ್ವರ್‌ನ ಸಾಲಿನಲ್ಲಿ ‘ಇನ್‌ಸೆಕ್ಯೂರ್’ ಎಂದು ಬರೆಯಿರಿ. ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ತನ್ನ ಯಂತ್ರದಲ್ಲಿ ತಾನೇ ರೂಟ್ ಆಗಿರುವವನಿಗೆ ಕೆಳಗಿನ ಪೋರ್ಟ್ ಸಿಗುವುದು ದೊಡ್ಡ ಮಾತಲ್ಲ; ಈ ಬೇಲಿಯಿಂದ ಆಗುವ ರಕ್ಷಣೆ ಅಷ್ಟಕ್ಕಷ್ಟೇ.

ಕನ್ನಡದಲ್ಲಿ ಹೆಸರಿಟ್ಟ ಕೆಲವು ಕಡತಗಳು ಒಂದು ಯಂತ್ರದಲ್ಲಿ ತೆರೆಯುತ್ತವೆ, ಇನ್ನೊಂದರಲ್ಲಿ ‘ಇಲ್ಲ’ ಎನ್ನುತ್ತದೆ. ಎಲ್ಲ ಕಡತಗಳಿಗೂ ಹೀಗಾಗುವುದಿಲ್ಲ.

ಎಲ್ಲಕ್ಕೂ ಆಗುವುದಿಲ್ಲ ಎಂಬುದರಲ್ಲೇ ಉತ್ತರ ಇದೆ. ‘ಮಂಗಳೂರು’, ‘ಉಡುಪಿ’, ‘ಮಲ್ಪೆ’ ಎಂಬ ಫೋಲ್ಡರ್‌ಗಳು ಎಂದೂ ತೊಂದರೆ ಕೊಡುವುದಿಲ್ಲ. ‘ಕಟೀಲು’, ‘ಪೊಳಲಿ’, ‘ಕಾಸರಗೋಡು’ ಕೊಡುತ್ತವೆ.

ಯೂನಿಕೋಡ್‌ನಲ್ಲಿ ನಮ್ಮ ಕೆಲವು ಸ್ವರಚಿಹ್ನೆಗಳನ್ನು ಎರಡು ಬಗೆಯಲ್ಲಿ ಬರೆಯಬಹುದು. ‘ಗೋ’ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿ ಇಡಬಹುದು. ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಇಡಬಹುದು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಹೀಗೆಯೇ ಬಿಡಿಸಿದ ರೂಪ ಇದೆ. ಆಕಾರ, ಇಕಾರ, ಉಕಾರ, ಊಕಾರ, ಎಕಾರಗಳಿಗೆ ಇಲ್ಲ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕ್‌ನ ಹಳೆಯ ಫೈಲ್‌ಸಿಸ್ಟಂ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್‌ನ ಫೈಲ್‌ಸಿಸ್ಟಂ ಇಎಕ್ಸ್‌ಟಿ4 ಸಾಮಾನ್ಯವಾಗಿ ಅಕ್ಷರವನ್ನು ನೋಡುವುದೇ ಇಲ್ಲ, ಬೈಟುಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಒಂದೇ ಡೈರೆಕ್ಟರಿಯಲ್ಲಿ ಎರಡು ‘ಕಟೀಲು’ ಅಕ್ಕಪಕ್ಕ ಕುಳಿತಿರುವುದೂ ಉಂಟು. ಕಣ್ಣಿನಿಂದ ಯಾವುದು ಯಾವುದೆಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ.

ಮ್ಯಾಕ್‌ನ ಎನ್‌ಎಫ್‌ಎಸ್ ಮೌಂಟ್‌ಗೆ ‘ಎನ್‌ಎಫ್‌ಸಿ’ ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಹೆಸರುಗಳು ಕೂಡಿಸಿದ ರೂಪದಲ್ಲೇ ಸರ್ವರ್‌ಗೆ ಹೋಗುತ್ತವೆ. ಈಗಾಗಲೇ ಕಲಬೆರಕೆ ಆಗಿರುವುದನ್ನು ಸರ್ವರ್‌ನಲ್ಲಿ ‘ಕಾನ್ವ್‌ಎಂವಿ’ ಎಂಬ ಉಪಕರಣ ಸರಿಪಡಿಸುತ್ತದೆ. ಅದು ಮೊದಲು ಏನು ಮಾಡಲಿದ್ದೇನೆ ಎಂದು ತೋರಿಸುತ್ತದೆ, ‘ನೋಟೆಸ್ಟ್’ ಎಂದು ಹೇಳಿದ ಮೇಲಷ್ಟೇ ಮುಟ್ಟುತ್ತದೆ. ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಂ ಇದ್ದರೆ ರೂಪವನ್ನು ಲೆಕ್ಕಿಸದೆ ಹೆಸರು ಹೋಲಿಸು ಎಂದು ಹೇಳಬಹುದು, ಆದರೆ ಫೈಲ್‌ಸಿಸ್ಟಂ ಸೃಷ್ಟಿಸುವ ಹೊತ್ತಿನಲ್ಲೇ ಹೇಳಬೇಕು.

ಇನ್ನೆರಡು ಕಿರಿಕಿರಿಗಳು. ‘ಸುರತ್ಕಲ್’ನಂತೆ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕಾಣದ ಜೋಡಕ-ತಡೆ ಸಂಕೇತವೊಂದು ಅಂಟಿಕೊಂಡಿರಬಹುದು, ಆಗಲೂ ಅದು ಬೇರೆಯೇ ಕಡತ. ಮತ್ತೆ, ಇಎಕ್ಸ್‌ಟಿ4ರಲ್ಲಿ ಹೆಸರಿನ ಮಿತಿ 255 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಲಕ್ಷ್ಮೀ’ ಕಣ್ಣಿಗೆ ಎರಡೇ ಅಕ್ಷರ, ಯಂತ್ರಕ್ಕೆ 7 ಸಂಕೇತ, 21 ಬೈಟ್. ಮೇಳ, ಪ್ರಸಂಗ, ಭಾಗವತರು, ಊರು, ತಾರೀಖು ಎಲ್ಲವನ್ನೂ ಹೆಸರಿನಲ್ಲೇ ತುಂಬಿಸುವವರು ಈ ಗೋಡೆಗೆ ಬೇಗ ತಲೆ ಚಚ್ಚಿಕೊಳ್ಳುತ್ತಾರೆ.

ಕರೆಂಟು ಹೋಗಿ ಸರ್ವರ್ ನಿಂತರೆ ಉಳಿದ ಯಂತ್ರಗಳೂ ಹೆಪ್ಪುಗಟ್ಟುತ್ತವೆ. ‘ಸಾಫ್ಟ್’ ಮೌಂಟ್ ಹಾಕಲೇ?

ಜೂನ್ ಬಂತೆಂದರೆ ಈ ಪ್ರಶ್ನೆಯೂ ಬಂತು.

ಬರೆಯುವ ಕೆಲಸ ಇರುವ ಕಡೆ ಬೇಡ. ‘ಹಾರ್ಡ್’ ಮೌಂಟ್‌ನಲ್ಲಿ ಸರ್ವರ್ ಉತ್ತರಿಸದಿದ್ದರೆ ಕ್ಲೈಂಟ್ ಕಾಯುತ್ತಲೇ ಇರುತ್ತದೆ. ಡಿಸ್ಕಿನ ಜಾಗ ತೋರಿಸುವ ‘ಡಿಎಫ್’ ಕೊಟ್ಟರೂ ಪರದೆ ಸ್ತಬ್ಧ. ನೋಡುವವರಿಗೆ ಕೆಟ್ಟುಹೋಯಿತು ಎನ್ನಿಸುತ್ತದೆ, ಆದರೆ ಸರ್ವರ್ ಎದ್ದ ಕೂಡಲೇ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ‘ಸಾಫ್ಟ್’ನಲ್ಲಿ ಸ್ವಲ್ಪ ಹೊತ್ತು ನೋಡಿ ದೋಷ ಎಂದು ಹೇಳಿ ಕೈಬಿಡುತ್ತದೆ. ಆ ದೋಷವನ್ನು ಎಷ್ಟೋ ತಂತ್ರಾಂಶಗಳು ಗಮನಿಸುವುದೇ ಇಲ್ಲ. ಅರ್ಧ ಬರೆದ ಕಡತ ಉಳಿದು, ಅದು ಪೂರ್ತಿಯಾಗಿದೆ ಎಂದೇ ಎಲ್ಲರೂ ನಂಬಿರುತ್ತಾರೆ.

ಹಾಗೆಯೇ ಸರ್ವರ್‌ನ ಸಾಲಿನಲ್ಲಿ ‘ಸಿಂಕ್’ ಬದಲು ‘ಅಸಿಂಕ್’ ಹಾಕಿದರೆ ವೇಗ ಹೆಚ್ಚುತ್ತದೆ ಎಂಬುದು ನಿಜ. ಡಿಸ್ಕಿಗೆ ಮುಟ್ಟುವ ಮೊದಲೇ ಸರ್ವರ್ ‘ಬರೆದಾಯಿತು’ ಎಂದು ಹೇಳಿಬಿಡುವುದರಿಂದ ಬರುವ ವೇಗ ಅದು. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಕಣ್ಣುಮುಚ್ಚಾಲೆ ಆಡುವ ಊರಿನಲ್ಲಿ ಅಂಥ ಮಾತನ್ನು ನಂಬುವುದು ಹೇಗೆ?

ಮಾಡಬೇಕಾದದ್ದು ಬೇರೆ. ಸರ್ವರ್‌ಗೆ ಯುಪಿಎಸ್ ಕೊಡಿ, ಸ್ವಿಚ್‌ಗೂ ಕೊಡಿ. ಸರ್ವರ್ ಮಾತ್ರ ಬದುಕಿದ್ದು ನಡುವಿನ ಸ್ವಿಚ್ ಸತ್ತರೆ ಕ್ಲೈಂಟ್ ಪಾಲಿಗೆ ಎರಡೂ ಸತ್ತಂತೆಯೇ. ಏನೇನು ಮೌಂಟ್ ಆಗಬೇಕೆಂದು ಬರೆದಿಡುವ, ಲಿನಕ್ಸ್ ಕ್ಲೈಂಟ್‌ನ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ‘ನೋಫೇಲ್’, ‘ಎಕ್ಸ್-ಸಿಸ್ಟಂಡಿ.ಆಟೊಮೌಂಟ್’ ಸೇರಿಸಿ, ಆಗ ಸರ್ವರ್ ಇಲ್ಲದಿದ್ದರೂ ಯಂತ್ರ ಬೂಟ್ ಆಗುತ್ತದೆ, ಆ ಡೈರೆಕ್ಟರಿಗೆ ಕಾಲಿಟ್ಟಾಗಷ್ಟೇ ಮೌಂಟ್ ಆಗುತ್ತದೆ.

4ನೆಯ ಆವೃತ್ತಿಯಲ್ಲಿ ಇನ್ನೊಂದು ವಿಷಯ. ಲಿನಕ್ಸ್ ಸರ್ವರ್ ಮತ್ತೆ ಎದ್ದ ಮೇಲೆ ಹಳೆಯ ಬೀಗಗಳನ್ನು ಕ್ಲೈಂಟ್‌ಗಳು ಮರಳಿ ಪಡೆಯಲೆಂದು ಸಾಮಾನ್ಯವಾಗಿ 90 ಸೆಕೆಂಡ್ ಬಿಡುವು ಕೊಡುತ್ತದೆ. ಅಷ್ಟು ಹೊತ್ತು ಕಡತ ತೆರೆಯುವುದು ತಡವಾಗುತ್ತದೆ. ‘ಇನ್ನೂ ಸರಿಯಾಗಿಲ್ಲ’ ಎಂದು ಮತ್ತೆ ಪ್ಲಗ್ ಕಿತ್ತರೆ ಮತ್ತೆ 90 ಸೆಕೆಂಡ್. ಕೈಕಟ್ಟಿ ಕುಳಿತು ಒಂದು ಚಹಾ ಕುಡಿಯಿರಿ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೇನು?

ನೀವು ತೆರೆದಿಟ್ಟದ್ದನ್ನು ಸರ್ವರ್‌ನಲ್ಲಿ ಯಾರೋ ಅಳಿಸಿದ್ದಾರೆ, ಅಥವಾ ಡಿಸ್ಕನ್ನೇ ಬದಲಿಸಿದ್ದಾರೆ. ಮೌಂಟ್ ಬಿಡಿಸಿ ಮತ್ತೆ ಮೌಂಟ್ ಮಾಡಿ. ಯುಎಸ್‌ಬಿ ಡಿಸ್ಕ್ ಹಂಚಿದವರಿಗೆ ಇದು ಮತ್ತೆ ಮತ್ತೆ ಬರುತ್ತಿದ್ದರೆ ಸರ್ವರ್‌ನ ಸಾಲಿನಲ್ಲಿ ‘ಎಫ್‌ಎಸ್‌ಐಡಿ’ಗೆ ಒಂದು ಸ್ಥಿರ ಸಂಖ್ಯೆ ಕೊಡಿ.

ಚುಕ್ಕಿ-ಎನ್‌ಎಫ್‌ಎಸ್ ಎಂದು ಶುರುವಾಗುವ ಕಸದ ಕಡತಗಳನ್ನು ಅಳಿಸಬಹುದೇ?

ಒಂದು ಕ್ಲೈಂಟ್‌ನಲ್ಲಿ ತೆರೆದಿರುವ ಕಡತವನ್ನು ಅದೇ ಕ್ಲೈಂಟ್‌ನಿಂದ ಯಾರಾದರೂ ಅಳಿಸಿದರೆ ಕ್ಲೈಂಟ್ ಅದಕ್ಕೆ ಹಾಗೆ ಮರುಹೆಸರಿಟ್ಟು ಕಾಪಾಡುತ್ತದೆ. ಮುಚ್ಚಿದಾಗ ತಾನೇ ಹೋಗುತ್ತದೆ. ವಾರಗಟ್ಟಲೆ ಹಳೆಯದಾದರೆ ಅಳಿಸಿ. ಚುಕ್ಕಿ-ಅಡಿಗೆರೆಯಿಂದ ಶುರುವಾಗುವವು ಮಾತ್ರ ಮ್ಯಾಕ್ ಇಡುವ ಟಿಪ್ಪಣಿಗಳು, ಎನ್‌ಎಫ್‌ಎಸ್‌ನದ್ದಲ್ಲ.

ಈಗಷ್ಟೇ ಉಳಿಸಿದ ಕಡತದ ಸಮಯ ನಾಳೆಯದ್ದೆಂದು ತೋರಿಸುತ್ತದೆ.

ಯಂತ್ರಗಳ ಗಡಿಯಾರ ಹೊಂದಿಕೆಯಾಗಿಲ್ಲ. ಜಾಲದಿಂದ ಸರಿಯಾದ ಸಮಯ ತರುವ ಎನ್‌ಟಿಪಿಯನ್ನು ಎಲ್ಲದರಲ್ಲೂ ಓಡಿಸಿ. ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ.

ವೇಗ ಸಾಲದು. ಏನು ಮಾಡಲಿ?

ಮೊದಲು ಅಳೆಯಿರಿ. ಗಿಗಾಬಿಟ್ ಜಾಲದಲ್ಲಿ ದೊಡ್ಡ ಕಡತ ಸೆಕೆಂಡಿಗೆ ಸುಮಾರು 110 ಎಂಬಿ ಹೋಗಬೇಕು. 11ರ ಆಸುಪಾಸಿನಲ್ಲಿ ನಿಂತಿದ್ದರೆ ಎಲ್ಲೋ 100 ಮೆಗಾಬಿಟ್‌ಗೆ ಇಳಿದಿದೆ. ಮೇಲೆ ಹೇಳಿದ ಇಡೀ ರಾತ್ರಿಯ ಯಕ್ಷಗಾನಕ್ಕೆ ಒಂದೂಕಾಲು ನಿಮಿಷ ಸಾಕಾಗುವಲ್ಲಿ ಹನ್ನೆರಡು ನಿಮಿಷ ಮೀರುತ್ತದೆ.

ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಸ್ಥಳೀಯ ಕಾರಣ ಇದೆ: ಉಪ್ಪುಗಾಳಿ. ಕೇಬಲ್ಲಿನ ತುದಿಯ ಪಿನ್ನುಗಳು ಹಸಿರುಗಟ್ಟುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿಗಳು ಬೇಕು. 100ಕ್ಕೆ ಎರಡೇ ಜೋಡಿ ಸಾಕು. ಒಂದು ಜೋಡಿ ಕೆಟ್ಟರೂ ಸಂಪರ್ಕ ಕಡಿಯದೆ, ಸದ್ದಿಲ್ಲದೆ ಹತ್ತನೇ ಒಂದಕ್ಕೆ ಇಳಿಯಬಹುದು. ದೀಪ ಉರಿಯುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಲಿನಕ್ಸ್‌ನಲ್ಲಿ ‘ಈಥ್‌ಟೂಲ್’ ಕೊಟ್ಟರೆ ನಿಜ ಗೊತ್ತಾಗುತ್ತದೆ. ಹೊಸ ತುದಿ ಕ್ರಿಂಪ್ ಮಾಡಿಸಿ.

ಸಾವಿರಾರು ಸಣ್ಣ ಕಡತಗಳು ನಿಧಾನ ಎಂದಾದರೆ ಅದಕ್ಕೆ ಕೇಬಲ್ ಕಾರಣವಲ್ಲ. ಪ್ರತಿ ಕಡತಕ್ಕೂ ಹಲವು ಸಲ ಹೋಗಿ ಬರಬೇಕು. ಅಂಥವನ್ನು ಒಂದೇ ಟಾರ್ ಕಡತವಾಗಿ ಕಟ್ಟಿ ಸಾಗಿಸಿ.

ಡೇಟಾಬೇಸನ್ನು ಇದರ ಮೇಲೆ ಇಡಬಹುದೇ?

ಎಲ್ಲವನ್ನೂ ಒಂದೇ ಕಡತದಲ್ಲಿ ಇಡುವ ಎಸ್‌ಕ್ಯೂಲೈಟ್ ಆದರೆ ಖಂಡಿತ ಬೇಡ. ಜಾಲದ ಮೇಲಿನ ಬೀಗವನ್ನು ಅದು ನಂಬುವಂತಿಲ್ಲ. ಬೇರೆ ಡೇಟಾಬೇಸುಗಳಿಗೆ ತಮ್ಮದೇ ಸರ್ವರ್ ಇದೆ, ಅದರೊಡನೆ ಜಾಲದ ಮೂಲಕ ಮಾತಾಡಿ.

ಮಂಗಳೂರಿನ ಕಚೇರಿಯ ಡಿಸ್ಕನ್ನು ಮಣಿಪಾಲದ ಮನೆಯಿಂದ ಮೌಂಟ್ ಮಾಡಬಹುದೇ?

2049ನ್ನು ಇಂಟರ್ನೆಟ್ಟಿಗೆ ತೆರೆದು ಮಾಡುವುದಾದರೆ ಬೇಡ. ‘ನಾನು 1000’ ಎಂದು ಹೇಳಿದವರನ್ನೆಲ್ಲ ಸರ್ವರ್ 1000 ಎಂದೇ ನಂಬುತ್ತದೆ, ಸಾಗುವ ದತ್ತಾಂಶಕ್ಕೂ ಮುಸುಕಿಲ್ಲ. ಬಂದವರ ಗುರುತನ್ನು ಖಚಿತಪಡಿಸುವ ಕೆರ್ಬೆರೋಸ್ ಜೋಡಿಸಬಹುದು, ಅದರ ಮೂರು ಹಂತಗಳಲ್ಲಿ ಕೊನೆಯದಾದ ‘ಕೆಆರ್‌ಬಿ5ಪಿ’ ಮಾತ್ರ ದತ್ತಾಂಶವನ್ನು ಗೂಢಲಿಪಿಗೊಳಿಸುತ್ತದೆ. ಸಣ್ಣವರಿಗೆ ವೈರ್‌ಗಾರ್ಡ್ ಎಂಬ ಗೂಢಲಿಪಿಯ ಸುರಂಗದೊಳಗೆ ಎನ್‌ಎಫ್‌ಎಸ್ ಓಡಿಸುವುದು ಸುಲಭ. ಆಗಲೂ ದೂರದ ವಿಳಂಬ ಕಾಡುತ್ತದೆ. ಅಪರೂಪಕ್ಕೆ ಒಂದೆರಡು ಕಡತ ಬೇಕೆಂದರೆ ಎಸ್‌ಎಸ್‌ಎಚ್‌ಎಫ್‌ಎಸ್ ಸಾಕು.

ನಡುವೆ ಒಂದು ವಿಂಡೋಸ್ ಯಂತ್ರವೂ ಇದೆ.

ಅದಕ್ಕೆ ಅದೇ ಡೈರೆಕ್ಟರಿಯನ್ನು ಸಾಂಬಾ ಮೂಲಕ ಕೊಡಿ. ಆದರೆ ಒಂದೇ ಕಡತವನ್ನು ಎರಡು ದಾರಿಯಿಂದ ಒಟ್ಟಿಗೆ ತಿದ್ದಬೇಡಿ.

ಎಲ್ಲರ ಕಡತವೂ ಸರ್ವರ್‌ನಲ್ಲೇ ಇದೆಯಲ್ಲ, ಬ್ಯಾಕಪ್ ಬೇರೆ ಬೇಕೇ?

ಬೇಕು. ಹಂಚಿದ ಡಿಸ್ಕ್ ಎಂದರೆ ಒಬ್ಬರು ಅಳಿಸಿದ್ದು ಎಲ್ಲರಿಗೂ ಅಳಿಸಿಹೋಗುವ ಡಿಸ್ಕ್. ರಾತ್ರಿ ‘ಆರ್‌ಸಿಂಕ್’ನಿಂದ ಇನ್ನೊಂದು ಡಿಸ್ಕಿಗೆ ನಕಲು ತೆಗೆಯಿರಿ. ಅದನ್ನು ಕ್ಲೈಂಟ್‌ನಿಂದ ಮೌಂಟ್ ಮೂಲಕ ಓಡಿಸಬೇಡಿ, ಸರ್ವರ್ ಮೇಲೆಯೇ ಓಡಿಸಿ. ಒಡೆತನವೂ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಇದ್ದರೆ ಗಂಟೆಗೊಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ಇಟ್ಟುಕೊಳ್ಳಬಹುದು, ಆದರೆ ಅದೂ ಅದೇ ಡಿಸ್ಕಿನ ಮೇಲಿರುತ್ತದೆ. ನಕಲಿನ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಳಚಿಡಿ. ಮುಂಗಾರಿನ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಚುಚ್ಚಿಯೇ ಬಿಟ್ಟಿದ್ದರೆ ಸರ್ವರ್ ಜೊತೆಗೆ ಅದೂ ಹೋಗುತ್ತದೆ. ಹೊರಗಿನಿಂದ ಬರುವ ತಾಮ್ರದ ತಂತಿ ಇದ್ದರೆ ಅದನ್ನೂ ತೆಗೆದುಬಿಡಿ. ಸಿಡಿಲು ಕರೆಂಟಿನ ದಾರಿಯಲ್ಲೇ ಬರಬೇಕೆಂದೇನಿಲ್ಲ.